ಇಪ್ಪತ್ತೇಳನೇ ನಂಬರಿನ ಶಟರು

ಹೋದ ತಿಂಗಳು ಮಗಳು ಉಮಾ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದವಳು ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿದಳು. ಅವಳ ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಸೀರೆಗಳನ್ನು ಯಾರಿಗಾದರೂ ಕೊಡೋಣ ಎಂದು ಅವಳು ಹೇಳುತ್ತಲೇ ಇದ್ದಳು. ನಾಳೆ ನೋಡೋಣ ಎಂದು ನಾನೂ ಹೇಳುತ್ತಲೇ ಇದ್ದೆ. ಸೀರೆಗಳೆಲ್ಲ ಮುಗಿದು ತಳ ಕಂಡಾಗ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಏನೋ ಒಂದು ಕೈಗೆ ಸಿಕ್ಕಿತು. ಬಿಚ್ಚಿದಳು. ಕಪ್ಪು ಹೆಡ್‌ಸೆಟ್ಟು. ತಲೆಯ ಮೇಲೆ ಕೂರುವ ಕಮಾನು, ಕಿವಿಗೆ ಒಂದು ಬಟ್ಟಲು, ಎದೆಯ ಮೇಲೆ ತೂಗುಹಾಕಿಕೊಂಡು ಮಾತಾಡುವ ಕೊಳವೆ.

"ಇದೇನಪ್ಪಾ, ಗುಜರಿ?" ಎಂದಳು.

"ಗುಜರೀನೇ. ಗುಬ್ಬಿ ಎಕ್ಸ್‌ಚೇಂಜಿಗೆ ಹೊಸ ಮೆಷಿನ್ ಬಂದಾಗ ಬಿಸಾಕ್ತಾ ಇದ್ರು. ನಿಮ್ಮಮ್ಮ ಕೇಳಿ ಇಸ್ಕೊಂಡು ಬಂದ್ಲು."

ಮೂಗಿನ ಹತ್ತಿರ ಹಿಡಿದೆ. ಗಟ್ಟಿ ರಬ್ಬರಿನ ವಾಸನೆ, ಅದರ ಒಳಗೆಲ್ಲೋ ಕೊಬ್ಬರಿ ಎಣ್ಣೆಯ ವಾಸನೆ. ಅಷ್ಟು ಸಾಕಾಯಿತು. ಒಂದು ಇಡೀ ಮಳೆಗಾಲ ಎದ್ದು ಬಂದು ನನ್ನ ಮುಂದೆ ಕೂತುಕೊಂಡಿತು. ಮಗಳು ಸೀರೆಗಳನ್ನು ವಿಂಗಡಿಸುತ್ತಿದ್ದರೆ ನಾನು ಒಬ್ಬನೇ ನಗುತ್ತಿದ್ದೆ. ಅವಳು ಮೊದಲು ಹೆದರಿದಳು, ಆಮೇಲೆ ತಾನೂ ಪಕ್ಕ ಬಂದು ಕೂತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗುಬ್ಬಿಯಲ್ಲಿ ಆಗ ಫೋನಿನ ಮೇಲೆ ನಂಬರುಗಳೇ ಇರುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಹಿಡಿ ಇರುತ್ತಿತ್ತು. ಅದನ್ನು ಗರಗರನೆ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಆ ಮನೆಯ ನಂಬರಿನ ಪುಟ್ಟ ಶಟರು ಟಪ್ಪೆಂದು ಬೀಳುತ್ತಿತ್ತು. ಬೋರ್ಡಿನ ಮುಂದೆ ಕೂತ ಆಪರೇಟರು ಅಲ್ಲಿಗೆ ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು, ಅವರು ಕೇಳಿದ ನಂಬರಿಗೆ ಇನ್ನೊಂದು ಪ್ಲಗ್ ಚುಚ್ಚಿ ಇಬ್ಬರನ್ನೂ ಸೇರಿಸಬೇಕು. ನನ್ನ ಹೆಂಡತಿ ಸರ್ವಮಂಗಳಾ ಆ ಬೋರ್ಡಿನ ಆಪರೇಟರು. ನಾನು ಅದೇ ಆಫೀಸಿನ ಲೈನ್‌ಮನ್. ಅವಳು ಒಳಗೆ ನೆರಳಲ್ಲಿ, ನಾನು ಹೊರಗೆ ಕಂಬದ ಮೇಲೆ. "ನಮ್ಮೆಜಮಾನ್ರು ನನಗಿಂತ ತುಂಬ ಮೇಲಿದಾರೆ" ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು.

ಊರಿಗೆಲ್ಲ ಅವಳ ದನಿ ಗೊತ್ತು. ಅದಕ್ಕಿಂತ ಹೆಚ್ಚಾಗಿ ಅವಳ ನಗು ಗೊತ್ತು. ನಗುವ ಮುಂಚೆ ಸೈಕಲ್ ಪಂಪಿನ ಹಾಗೆ ಉಸಿರು ಒಳಗೆಳೆದುಕೊಳ್ಳುತ್ತಿದ್ದಳು, ಆಮೇಲೆ ಬಿಡುತ್ತಿದ್ದಳು. ಲೈನಿನ ಆ ತುದಿಯವರು ಯಾಕೆ ನಗುತ್ತಿದ್ದೇವೆ ಎಂದು ತಿಳಿಯದೆಯೇ ತಾವೂ ನಗುತ್ತಿದ್ದರು. ಆಗ ಅವಳಿಗೆ ನಲವತ್ತು ದಾಟಿತ್ತು. ಉಮಾ ಹೈಸ್ಕೂಲಿನಲ್ಲಿದ್ದಳು.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಮಳೆಗಿಂತ ಗಾಳಿ ಜಾಸ್ತಿ. ಮಳೆ ಶುರುವಾದರೆ ನನ್ನಂಥವರಿಗೆ ಕೂಳು ನೀರು ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಒಂದು ಕಡೆ ಕೊಂಬೆ ಬಿದ್ದಿರುತ್ತದೆ, ಇನ್ನೊಂದು ಕಡೆ ಕಂಬವೇ ವಾಲಿರುತ್ತದೆ. ಆ ಸಲ ಎಲ್ಲಕ್ಕಿಂತ ದೊಡ್ಡ ತಲೆನೋವು ಇಪ್ಪತ್ತೇಳನೇ ನಂಬರು. ಅದು ಚೇಳೂರು ರಸ್ತೆಯಲ್ಲಿ ಮಂಡಿ ಇಟ್ಟಿದ್ದ ಕೊಬ್ಬರಿ ವ್ಯಾಪಾರಿ ಮರುಳಪ್ಪನವರ ಫೋನು. ಗಾಳಿ ಎದ್ದಾಗ, ಸೋನೆ ಹಿಡಿದಾಗ, ಆ ಶಟರು ತಾನಾಗಿ ಬೀಳುತ್ತಿತ್ತು. ಮಂಗಳಾ ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಎಂದರೆ ಆ ಕಡೆ ಯಾರೂ ಇಲ್ಲ. ಗಂಟೆ ಬಾರಿಸಿ ಕೇಳಿದರೆ ಮರುಳಪ್ಪನವರು ರೇಗುತ್ತಿದ್ದರು.

"ಏನಮ್ಮಾ ತಾಯಿ, ನಾನು ಊಟಕ್ಕೆ ಕೂತಿವ್ನಿ. ನಾನೆಲ್ಲಿ ಕರೆದೆ? ನೀನೇ ಕರ್ದು ನನ್ನೇ ಕೇಳ್ತಿಯಲ್ಲ!"

"ಸ್ವಾಮಿ, ನಿಮ್ಮ ಶಟರು ಬಿತ್ತು."

"ನನ್ ಅಂಗಡಿ ಶಟರು ತೆಗ್ದೇ ಇದೆ ಕಣಮ್ಮ!"

ನಾನು ಹೋಗಿ ಅವರ ಫೋನನ್ನು ಬದಲಾಯಿಸಿ ಬಂದೆ. ಒಂದು ವಾರ ಸುಮ್ಮನಿತ್ತು, ಮತ್ತೆ ಶುರುವಾಯಿತು. ಇನ್ನೊಂದು ಸಲ ಬದಲಾಯಿಸಿದೆ. ಮರುಳಪ್ಪನವರ ಮನೆಯವರು ಎರಡು ಸಲವೂ ಕಾಫಿ ಕೊಟ್ಟರು, ಮೂರನೇ ಸಲ ನೀರು ಕೊಟ್ಟರು.

ಅದೇ ದಿನಗಳಲ್ಲಿ ಮಂಗಳಾಗೆ ಅದು ಬಂತು. ಬೋರ್ಡಿನ ಮುಂದೆ ಕೂತು ಯಾರಿಗೋ "ಒಂದ್ನಿಮಿಷ ಇರಿ, ಲೈನ್ ಕೊಡ್..." ಎನ್ನುತ್ತಿದ್ದವಳು ಅಲ್ಲಿಗೇ ನಿಲ್ಲಿಸಿ ಎಡಗೆನ್ನೆಯ ಹತ್ತಿರಕ್ಕೆ ಕೈ ಒಯ್ದಳಂತೆ. ಮುಟ್ಟಲಿಲ್ಲ, ಹತ್ತಿರ ಹಿಡಿದುಕೊಂಡಳು ಅಷ್ಟೇ. ಪಕ್ಕದ ಕುರ್ಚಿಯ ರಜಿಯಾ ಹೆದರಿ ನನ್ನನ್ನು ಕೂಗಿಸಿದಳು. ನಾನು ಬರುವ ಹೊತ್ತಿಗೆ ಎಲ್ಲ ಸರಿಹೋಗಿತ್ತು. "ಏನೂ ಇಲ್ಲ ರೀ. ಕರೆಂಟ್ ಹೊಡೆದಂಗಾಯ್ತು" ಎಂದಳು. ಹೆಡ್‌ಸೆಟ್ಟಿನಲ್ಲಿ ಏನಾದರೂ ಸೋರಿಕೆ ಇದೆಯೇನೋ ಎಂದು ನಾನು ಅದನ್ನು ಪೂರ್ತಿ ಬಿಚ್ಚಿ ನೋಡಿದೆ. ಏನೂ ಇರಲಿಲ್ಲ.

ಆಮೇಲೆ ದಿನಾ ಬಂತು. ಮಾತಾಡಿದರೆ, ತುತ್ತು ಅಗಿದರೆ, ಮುಖ ತೊಳೆದರೆ, ಬಸ್ಸಿನ ಕಿಟಕಿಯ ಗಾಳಿ ಕೆನ್ನೆಗೆ ತಾಗಿದರೆ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಕೆಲವು ಸಲ ಅದಕ್ಕಿಂತ ಸ್ವಲ್ಪ ಹೆಚ್ಚು. ಎಡಗೆನ್ನೆಯಿಂದ ಮೇಲಿನ ದವಡೆಗೆ ಝುಮ್ಮೆಂದು ಹೊಡೆದು ಹೋಗುತ್ತಿತ್ತು. ಕೆಲಸದಲ್ಲಿ ನನಗೂ ಶಾಕ್ ಹೊಡೆದದ್ದುಂಟು. ಹೊಡೆದ ಮೇಲೆ ಮನುಷ್ಯ ಹೇಗೆ ಕೂರುತ್ತಾನೆ ಅನ್ನುವುದು ಗೊತ್ತು. ಅವಳು ದಿನವಿಡೀ ಹಾಗೆ ಕೂರುತ್ತಿದ್ದಳು, ಇನ್ನೊಂದು ಬರುತ್ತದೆ ಎಂದು ಕಾಯುತ್ತ.

ಹಲ್ಲು ಎಂದು ಎಲ್ಲರೂ ಹೇಳಿದರು. ನಾವೂ ಹಾಗೇ ತಿಳಿದೆವು. ತುಮಕೂರಿನಲ್ಲಿ ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತರು. ಒಂದು ವಾರ ಪರವಾಗಿಲ್ಲ ಅನ್ನಿಸಿತು, ಮತ್ತೆ ಬಂತು. ಪಕ್ಕದ್ದನ್ನೂ ಅವಳೇ ಹಟ ಮಾಡಿ ಕೀಳಿಸಿಕೊಂಡಳು. ಮೂರನೆಯದಕ್ಕೆ ಹೋದಾಗ ಅವರು ಇಕ್ಕಳ ಕೆಳಗಿಟ್ಟರು.

"ಅಮ್ಮಾ, ನಾನು ಕೀಳ್ತಾ ಹೋದ್ರೆ ನಿಮ್ಮ ಬಾಯಲ್ಲಿ ಮಾತೊಂದೇ ಉಳಿಯುತ್ತೆ. ಹಲ್ಲು ಚೆನ್ನಾಗಿದಾವೆ. ಇದು ನರದ್ದು. ಬೇರೆಯವರಿಗೆ ತೋರಿಸಿ" ಎಂದು ಒಂದು ಚೀಟಿ ಬರೆದುಕೊಟ್ಟರು.

ಆದರೆ ಉಳಿದಿದ್ದ ಮಾತೂ ಆ ಹೊತ್ತಿಗೆ ಹೋಗಿತ್ತು. ಮಾತಾಡಿದರೆ ಹೊಡೆಯುತ್ತಿತ್ತಲ್ಲ, ಅವಳು ಬಾಯಿಯನ್ನೇ ಬಿಡಲಿಲ್ಲ. ಉಮಾಳ ಹಳೆಯ ಸ್ಲೇಟು ಹುಡುಕಿ ತೆಗೆದು, ಅದರ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಿದ್ದಳು. "ಸಾರು ಒಲೆ ಮೇಲಿದೆ." "ಉಮಾ ಟ್ಯೂಷನ್ನಿಗೆ ಹೋದಳಾ?" ಸಿಟ್ಟು ಬಂದಾಗ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದಳು. ನಾನು ಜೋರಾಗಿ ಓದಿ ಹೇಳಬೇಕು, ಇಲ್ಲದಿದ್ದರೆ ಅಳಿಸುತ್ತಿರಲಿಲ್ಲ. ಹಾಗಾಗಿ ಆ ಮಳೆಗಾಲದಲ್ಲಿ ನನ್ನನ್ನು ನಾನೇ ಬೈದುಕೊಂಡದ್ದು ಸಾಕಷ್ಟಿದೆ.

ಎಕ್ಸ್‌ಚೇಂಜಿನಲ್ಲಿ ರಜಿಯಾ ಒಂದು ಉಪಾಯ ಮಾಡಿದಳು. ಹೆಡ್‌ಸೆಟ್ಟು ಅವಳ ತಲೆಯ ಮೇಲೆ, ಮಾತು ಅವಳದು. ಪ್ಲಗ್ ಚುಚ್ಚುವ ಕೈ ಮಂಗಳಾಳದು. ಇಬ್ಬರೂ ಸೇರಿ ಒಬ್ಬ ಆಪರೇಟರು. "ಮಂಗಳಕ್ಕ, ನಂದು ಬಾಯಿ, ನಿಂದು ಕೈ. ಸಂಬಳ ಯಾರಿಗೆ?" ಎನ್ನುತ್ತಿದ್ದಳು. ಸೂಪರ್‌ವೈಸರು ಒಳ್ಳೆಯ ಮನುಷ್ಯ, ಕಂಡೂ ಕಾಣದ ಹಾಗಿದ್ದರು. ಆದರೆ ಎಷ್ಟು ದಿನ? ಒಂದು ಸಂಜೆ ನನ್ನನ್ನು ಹೊರಗೆ ಕರೆದರು.

"ದೀಪಾವಳಿವರೆಗೂ ನೋಡ್ತೀನಿ ಕಣಯ್ಯ. ಅಷ್ಟರೊಳಗೆ ಒಂದು ಪೂರ್ತಿ ಡ್ಯೂಟಿ ಒಬ್ಬಳೇ ಮಾಡಿದ್ರೆ ಸರಿ. ಇಲ್ದಿದ್ರೆ ತುಮಕೂರು ಆಫೀಸಿಗೆ ಹಾಕಿಸ್ತೀನಿ. ಫೈಲ್ ಜೋಡಿಸ್ಕೊಂಡು ಕೂತಿರ್ಲಿ. ಅಲ್ಲಿ ಬಾಯಿಗೆ ಕೆಲಸ ಇಲ್ಲ."

ಕೆಲಸ ಹೋಗುವುದಿಲ್ಲ, ಸಂಬಳ ನಿಲ್ಲುವುದಿಲ್ಲ, ಸರಿ. ಆದರೆ ಮಂಗಳಾಳನ್ನು ಮಾತಿಲ್ಲದ ಕೋಣೆಯಲ್ಲಿ ಕೂರಿಸುವುದೆಂದರೆ ಏನು ಎಂದು ನನಗೆ ಗೊತ್ತಿತ್ತು. ಮನೆಗೆ ಬಂದು ಹೇಳಿದೆ. ಸ್ಲೇಟು ತೆಗೆದುಕೊಂಡಳು. ಎರಡೂ ಬದಿ ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿಟ್ಟಳು.

ಗೌರಿ ಹಬ್ಬ ಬಂತು. ಬೆಳಗ್ಗೆ ಹೆಂಗಸರೆಲ್ಲ ಮುಖಕ್ಕೆ ಅರಿಸಿನ ಹಚ್ಚಿಕೊಳ್ಳುತ್ತಾರಲ್ಲ, ಇವಳು ಬಲಗೆನ್ನೆಗೆ ಮಾತ್ರ ಹಚ್ಚಿಕೊಂಡಳು. ಎಡಗಡೆಗೆ ಕೈ ಹೋಗಲಿಲ್ಲ. ಅಲ್ಲಿದ್ದ ಮೂಗುಬೊಟ್ಟನ್ನೂ ಹಿಂದಿನ ವಾರವೇ ತೆಗೆದಿಟ್ಟಿದ್ದಳು, ಅದರ ಅಲುಗಾಟಕ್ಕೇ ನೋವು ಏಳುತ್ತಿತ್ತು. ಅರ್ಧ ಹಳದಿ ಮುಖ, ಬರಿಯ ಮೂಗು, ಮುಚ್ಚಿದ ಬಾಯಿ. ಬಾಗಿನ ಕೊಡಲು ಬಂದ ಪಕ್ಕದ ಬೀದಿಯ ಹೆಂಗಸರು ನೋಡಿದರು, ನನ್ನ ಕಡೆ ಒಂದು ಥರ ನೋಡಿದರು, ಹೋದರು. ಸುದ್ದಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ, ಅವಳ ತವರಿಗೆ, ಹೇಗೆ ಮುಟ್ಟಿತೋ. ಮಾರನೆಯ ದಿನ ಮಧ್ಯಾಹ್ನ ನಮ್ಮತ್ತೆ ಬಂದಿಳಿದರು. ಕಾಲು ತೊಳೆಯಲೂ ಇಲ್ಲ.

"ಅಳಿಯಂದ್ರೇ, ಏನ್ ನಡೀತು ಹೇಳ್ಬುಡಿ."

"ಏನ್ ನಡೀಲಿ ಅತ್ತೆ?"

"ನನ್ ಮಗ್ಳು ಮೂಗುಬೊಟ್ಟು ತೆಗ್ದವ್ಳೆ. ಗಂಡ ಕಲ್ಲುಗುಂಡಿನಂಗೆ ಇರೋವಾಗ! ನಿಮ್ಜೊತೆ ಮಾತು ಬುಟ್ಟು ತಿಂಗ್ಳಾಯ್ತಂತೆ. ಹುಟ್ಟಿದಾಗಿಂದ ಅವ್ಳು ಮಾತು ಬುಟ್ಟವ್ಳಲ್ಲ. ಏನಂದ್ರಿ ಅವ್ಳಿಗೆ?"

"ಹಲ್ಲುನೋವು ಅತ್ತೆ, ಅಂದ್ರೆ ಹಲ್ಲಲ್ಲ..."

"ಹಲ್ಲು ಮುರಿಯಂಗೆ ಹೊಡುದ್ರಾ!"

ಮಂಗಳಾ ಅಡಿಗೆಮನೆಯಿಂದ ಸ್ಲೇಟು ಹಿಡಿದು ಓಡಿಬಂದಳು. ಅದರ ಮೇಲೆ ದೊಡ್ಡದಾಗಿ ಬರೆದಿದ್ದಳು: "ಇವರು ಪಾಪದವರು." ನಮ್ಮತ್ತೆಗೆ ಓದು ಬರುವುದಿಲ್ಲ. "ಏನಂತ ಬರ್ದವ್ಳೆ?" ಎಂದು ನನ್ನನ್ನೇ ಕೇಳಿದರು. ನನ್ನ ಬಗ್ಗೆ ಅಂಥ ಮಾತನ್ನು ನಾನೇ ಓದಿ ಹೇಳಿದರೆ ನಂಬುವವರು ಯಾರು? ಕೊನೆಗೆ ಉಮಾ ಶಾಲೆಯಿಂದ ಬಂದು ಅಜ್ಜಿಗೆ ಎಲ್ಲ ತಿಳಿಸಬೇಕಾಯಿತು. ಅಲ್ಲಿಯವರೆಗೂ ಅವರು ನನ್ನ ಮನೆಯ ನೀರನ್ನೂ ಮುಟ್ಟಲಿಲ್ಲ. ತಿಳಿದ ಮೇಲೆ ಮಗಳನ್ನು ತಬ್ಬಿಕೊಳ್ಳಲು ಹೋದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಕೆನ್ನೆ ತಾಗೀತೆಂದು. ಅತ್ತೆ ಅವಳ ಪಾದ ಹಿಡಿದುಕೊಂಡು ಅತ್ತರು. ಅಷ್ಟು ದಿನ ಅಳದಿದ್ದ ಮಂಗಳಾ ಆಗ ಅತ್ತಳು. ಕಣ್ಣೀರು ಕೆನ್ನೆಯ ಮೇಲೆ ಇಳಿದರೂ ನೋವಾಗುತ್ತಿತ್ತು.

ಆ ವಾರವೇ ಹಲ್ಲಿನ ಡಾಕ್ಟರ ಚೀಟಿ ಹಿಡಿದು ತುಮಕೂರಿಗೆ ಹೋದೆವು. ಒಬ್ಬ ಡಾಕ್ಟರಮ್ಮ, ನಮ್ಮದೇ ವಯಸ್ಸಿನವರು. ಇವಳ ಸ್ಲೇಟು ಓದಿದರು, ಒಂದು ಹತ್ತಿಯ ಎಳೆಯಿಂದ ಮೂಗಿನ ಪಕ್ಕ ಸವರಿದರು. ಇವಳು ಕುರ್ಚಿಯಿಂದ ಎದ್ದೇಬಿಟ್ಟಳು. ಅಲ್ಲೇ ಗಟ್ಟಿಯಾಗಿ ಒತ್ತಿದರು. ಏನೂ ಆಗಲಿಲ್ಲ.

"ನೋಡಿದ್ರಾ, ಒತ್ತಿದ್ರೆ ನೋವಿಲ್ಲ, ಸವರಿದ್ರೆ ಪ್ರಾಣ ಹೋಗುತ್ತೆ" ಎಂದರು. ಆಮೇಲೆ ನಮ್ಮ ಕೆಲಸ ಏನೆಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. "ಹಾಗಾದ್ರೆ ನಿಮಗೆ ಹೇಳೋದು ಸುಲಭ. ಕೂತ್ಕೊಳಿ."

ಅವರು ಹೇಳಿದ್ದು ಇಷ್ಟು. ಚರ್ಮದಿಂದ ತಲೆಗೆ ಹೋಗುವ ನರವೆಂದರೆ ನಮ್ಮ ತಂತಿಯ ಹಾಗೆ. ಆದರೆ ತಂತಿಯಲ್ಲಿ ಹರಿದಂತೆ ಅದರಲ್ಲಿ ಕರೆಂಟು ಹರಿಯುವುದಿಲ್ಲ. ನರದ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಹೊರಗೆ ಉಪ್ಪಿನ ಅಂಶ ತುಂಬಿಕೊಂಡಿರುತ್ತದೆ. ಬಾಗಿಲು ತೆರೆದಾಗ ಅದು ಒಳಗೆ ನುಗ್ಗುತ್ತದೆ, ನುಗ್ಗಿದಾಗ ಒಂದು ಕಿಡಿ ಹುಟ್ಟುತ್ತದೆ. ಆ ಕಿಡಿ ಮುಂದಿನ ಬಾಗಿಲನ್ನು ತಳ್ಳುತ್ತದೆ. ಅದು ತೆರೆಯುವಷ್ಟರಲ್ಲಿ ಹಿಂದಿನದು ತಾನಾಗಿ ಮುಚ್ಚಿಕೊಂಡಿರುತ್ತದೆ. ಸಾಲಾಗಿ ನಿಂತವರು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದ ಹಾಗೆ ಸುದ್ದಿ ತಲೆಗೆ ಮುಟ್ಟುತ್ತದೆ.

"ಸರಿಯಾಗಿದ್ದಾಗ ಈ ಬಾಗಿಲುಗಳು ಯಾರಾದ್ರೂ ಕರೆದಾಗ ಮಾತ್ರ ತೆಗೀತಾವೆ. ಇವರ ವಿಷಯದಲ್ಲಿ, ತಲೆ ಒಳಗೆ ಎಲ್ಲೋ ಒಂದು ಕಡೆ ರಕ್ತನಾಳ ನರಕ್ಕೆ ತಾಗ್ತಾ ಇರ್ಬೇಕು. ಎದೆ ಬಡಿದಾಗೆಲ್ಲ ಅದು ಉಜ್ಜುತ್ತೆ. ಉಜ್ಜಿ ಉಜ್ಜಿ ಮೇಲಿನ ಹೊದಿಕೆ ಸವೆದಿದೆ. ಸವೆದ ಜಾಗದಲ್ಲಿ ಇರಬಾರದ ಕಡೆ ಬಾಗಿಲುಗಳು ಸೇರ್ಕೊಳ್ತಾವೆ, ಸುಮ್‌ಸುಮ್ನೆ ತೆಗೀತಾವೆ. ಮುಟ್ಟಿದ್ದು ಹೇಳೋ ನರ, ನೋವು ಹೇಳೋ ನರ ಅಕ್ಕಪಕ್ಕಾನೇ ಇರ್ತಾವೆ. ಇದರ ಸುದ್ದಿ ಅದಕ್ಕೆ ಹಾರುತ್ತೆ. ಕೆನ್ನೆ ಮೇಲೆ ಗಾಳಿ ಆಡಿದ್ರೆ, ತಲೆಗೆ ಬೆಂಕಿ ಬಿತ್ತು ಅಂತ ಸುದ್ದಿ."

ನನಗೆ ತಟ್ಟನೆ ಮರುಳಪ್ಪನವರ ಮುಖ ಕಂಡಿತು. "ಕರೆಯೋರೇ ಇಲ್ಲ, ಶಟರು ಬೀಳುತ್ತೆ ಮೇಡಂ" ಎಂದೆ.

"ಅಷ್ಟೇ ನೋಡಿ."

"ನಾನೂ ಎರಡು ಸಲ ಫೋನ್ ಬದಲಾಯಿಸ್ದೆ."

ಅವರಿಗೆ ಅರ್ಥವಾಗಲಿಲ್ಲ. ಮಂಗಳಾಗೆ ಅರ್ಥವಾಯಿತು. ಸ್ಲೇಟಿನ ಮೇಲೆ ಬರೆದು ಡಾಕ್ಟರಮ್ಮನ ಕಡೆ ತಿರುಗಿಸಿದಳು: "ಹಾಗಾದರೆ ನನ್ನ ಎರಡು ಹಲ್ಲು ವಾಪಸ್ ಕೊಡುತ್ತಾರಾ?" ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು.

ಮಾತ್ರೆ ಬರೆದುಕೊಟ್ಟರು. ಅದು ಮೂರ್ಛೆ ರೋಗಕ್ಕೆ ಕೊಡುವ ಮಾತ್ರೆಯಂತೆ, ಈ ನೋವಿಗೂ ಕೆಲಸ ಮಾಡುತ್ತದೆ. ಮುಚ್ಚಿದ ಬಾಗಿಲು ಕೂಡಲೇ ಮತ್ತೆ ತೆರೆಯದಂತೆ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ ಎಂದು ತಿಳಿದವರು ಹೇಳುತ್ತಾರೆ, ಇನ್ನೂ ಹುಡುಕುತ್ತಿದ್ದಾರೆ ಎಂದರು. "ಒಂದು ಸಲ ಕರೆದವರನ್ನ ಅದು ತಡೆಯಲ್ಲ. ಬಿಡದೆ ಹಿಡಿ ತಿರುಗಿಸ್ತಾನೇ ಇರ್ತಾರಲ್ಲ, ಅಂಥವರನ್ನ ತಡೆಯುತ್ತೆ. ಪೂರ್ತಿ ವಾಸಿ ಅಂತ ಹೇಳಲ್ಲ. ಆದ್ರೆ ಮಾತಾಡಿಸ್ತೀನಿ ನಿಮ್ಮ ಹೆಂಡತೀನ."

ಮಾತಾಡಿಸ್ತೀನಿ ಎಂದರಲ್ಲ, ಆ ಒಂದು ಮಾತು ಹಿಡಿದುಕೊಂಡು ಬಸ್ ಹತ್ತಿದೆವು. ಕಿಟಕಿಯ ಪಕ್ಕ ನಾನು ಕೂತೆ, ಗಾಳಿಗೆ ಅಡ್ಡವಾಗಿ.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ನನಗೆ ತಿಳಿದಷ್ಟನ್ನು ಅವರಿಗೆ ಹೇಳಿದೆ. ನರದಲ್ಲಿ ಬಾಗಿಲು, ಬಾಗಿಲಲ್ಲಿ ಉಪ್ಪು, ಉಪ್ಪು ಒಳಗೆ ಹೋದರೆ ನೋವು. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಆವತ್ತಿನಿಂದ ನಮ್ಮ ಮನೆಯಲ್ಲಿ ಉಪ್ಪು ಬಂದ್. ಸಾರಿಗಿಲ್ಲ, ಮುದ್ದೆಗಿಲ್ಲ, ಮಜ್ಜಿಗೆಗೂ ಇಲ್ಲ. ಮಗಳಿಗೆ ಮಾತ್ರ ಬಿಟ್ಟರೆ ಆಸೆಯಾದೀತೆಂದು ಎಲ್ಲರಿಗೂ. ಉಪ್ಪಿನಕಾಯಿ ಜಾಡಿಯನ್ನು ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದರು. ಉಮಾ ಶಾಲೆಯಲ್ಲಿ ಗೆಳತಿಯರ ಡಬ್ಬಿಗೆ ಕೈ ಹಾಕತೊಡಗಿದಳು. ನಾನು ಕಂಬ ಹತ್ತುವ ಮೊದಲು ಹೋಟೆಲಿನಲ್ಲಿ ಎರಡು ಬೋಂಡ ತಿಂದು ಹತ್ತುತ್ತಿದ್ದೆ.

ಮಾತ್ರೆ ಮೊದಲ ದಿನಗಳಲ್ಲಿ ಅವಳಿಗೆ ತೂಕಡಿಕೆ ತಂದಿತು. ನಡೆದರೆ ಗೋಡೆ ಹಿಡಿಯಬೇಕು. ಸ್ಲೇಟಿನ ಮೇಲೆ ಬರೆದಳು: "ನೀವು ಇಬ್ಬರು ಕಾಣುತ್ತೀರಿ." ಕೆಳಗೆ ಇನ್ನೊಂದು ಸಾಲು: "ಒಬ್ಬರೇ ಸಾಕಾಗಿತ್ತು." ಆದರೆ ಹೊಡೆತಗಳು ದೂರ ದೂರವಾದವು. ಒಂದು ಬೆಳಗ್ಗೆ ಹಿತ್ತಲಲ್ಲಿ ನೀರಿನ ಸದ್ದಾಯಿತು. ಹೋಗಿ ನೋಡಿದೆ. ಬೋಗುಣಿಯಿಂದ ನೀರು ಮೊಗೆದು ಎಡಗೆನ್ನೆಗೆ ಎರಚಿಕೊಳ್ಳುತ್ತಿದ್ದಳು. ಎರಚಿಕೊಂಡು, ನಿಂತು, ಕಾದು, ಮತ್ತೆ ಎರಚಿಕೊಳ್ಳುತ್ತಿದ್ದಳು. ಕುಪ್ಪಸವೆಲ್ಲ ಒದ್ದೆ. ನನ್ನನ್ನು ಕಂಡು ತಿರುಗಿ, ಸುಮಾರು ಒಂದೂವರೆ ತಿಂಗಳ ಮೇಲೆ ಬಾಯಿ ತೆರೆದಳು. ಏನು ಹೇಳುತ್ತಾಳೋ ಎಂದು ಹತ್ತಿರ ಹೋದೆ.

"ಅಮ್ಮನಿಗೆ ಉಪ್ಪು ಹಾಕೋಕೆ ಹೇಳಿ" ಎಂದಳು.

ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಈ ಕತೆ ಕೇಳಿ ಮೇಜಿಗೆ ತಲೆಯಿಟ್ಟು ನಕ್ಕರು. "ತಿನ್ನೋ ಉಪ್ಪು ಬಿಟ್ರೆ ನರದ ಹೊರಗಿನ ಉಪ್ಪು ಖಾಲಿ ಆಗಲ್ಲ ಅಜ್ಜಿ. ಈ ಮಾತ್ರೆ ನುಂಗೋವಾಗ ಉಪ್ಪು ಬಿಡಲೂಬಾರದು. ಹಾಕಿ, ಚೆನ್ನಾಗಿ ಹಾಕಿ" ಎಂದರು. ಅತ್ತೆಗೆ ಅವಮಾನವಾಗಲಿಲ್ಲ. "ಉಪ್ಪು ಬುಟ್ಟಿದ್ಕೇ ವಾಸಿಯಾಗಿದ್ದು. ಇನ್ಮೇಲೆ ಹಾಕ್ಬೋದು ಅಂತವ್ರೆ ಅಷ್ಟೆ" ಎಂದು ಬಸ್ಸಿನುದ್ದಕ್ಕೂ ಹೇಳಿಕೊಂಡು ಬಂದರು. ಕೊನೆಯವರೆಗೂ ಅವರು ಹಾಗೇ ನಂಬಿದ್ದರು.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದೆ. ಮರುಳಪ್ಪನವರ ಮನೆಗೆ ಹೋಗುವುದನ್ನು ಬಿಟ್ಟು, ಎಕ್ಸ್‌ಚೇಂಜಿನಿಂದ ಅವರ ಮನೆಯವರೆಗೂ ತಂತಿಯ ಕೆಳಗೆ ನಡೆದುಕೊಂಡು ಹೋದೆ, ತಲೆ ಎತ್ತಿಕೊಂಡೇ. ಚೇಳೂರು ರಸ್ತೆಯಲ್ಲಿ ಒಂದು ದೊಡ್ಡ ಹುಣಿಸೆಮರ. ಅದರೊಳಗೆ ಹಾದುಹೋಗುವ ಕಡೆ ತಂತಿಗಳಿಗೆ ರಬ್ಬರಿನ ಹೊದಿಕೆ ಇತ್ತು. ಕಂಬ ಹತ್ತಿ ಎಲೆ ಸರಿಸಿ ನೋಡಿದೆ. ಒಂದು ಕೊಂಬೆ ಗಾಳಿಗೆ ಆಡಿ ಆಡಿ ಹೊದಿಕೆಯನ್ನು ತಿಂದುಹಾಕಿತ್ತು. ಇಪ್ಪತ್ತೇಳರ ತಂತಿಯೂ ಬತ್ತಲು, ಅದರ ಪಕ್ಕದ ಇಪ್ಪತ್ತೆಂಟೂ ಬತ್ತಲು. ಇಪ್ಪತ್ತೆಂಟು ಪಕ್ಕದ ಅಕ್ಕಿ ಗಿರಣಿಯವರದು. ಗಾಳಿ ಬೀಸಿ ಎರಡೂ ತಾಗಿದಾಗ ಗಿರಣಿಯವರು ಹಿಡಿ ತಿರುಗಿಸಿದರೆ, ಅವರ ಶಟರಿನ ಜೊತೆಗೆ ಮರುಳಪ್ಪನವರದೂ ಬೀಳುತ್ತಿತ್ತು. ಕೊಂಬೆಯ ಮೇಲೆ ಕೈಯಿಟ್ಟುಕೊಂಡು ನಾನು ಸುಮಾರು ಹೊತ್ತು ನಿಂತಿದ್ದೆ. ಅವಳ ತಲೆಯೊಳಗಿನದನ್ನು ನಾನು ನೋಡುವ ಹಾಗಿರಲಿಲ್ಲ. ಇದನ್ನು ನೋಡಿದೆ.

ಅವತ್ತು ಕೊಂಬೆ ಕಡಿದೆ. ಹೊಸ ವೈರು ಬರಲು ತಡವಾಯಿತು. ಅದು ಬಂದ ದಿನವೇ, ದೀಪಾವಳಿ ಹತ್ತಿರವಿದ್ದಾಗ, ಮಂಗಳಾ ಒಬ್ಬಳೇ ಬೋರ್ಡಿಗೆ ಕೂರುವ ದಿನವೂ ಬಂತು. ಬೆಳಗ್ಗೆ ಎರಡೂ ಕೆನ್ನೆಗೆ ಅರಿಸಿನ ಹಚ್ಚಿಕೊಂಡಳು. ಮೂಗುಬೊಟ್ಟನ್ನು ಅವಳ ಅಮ್ಮನೇ ತಿರುಪಿದರು. ರಜಿಯಾ ತನ್ನ ಡ್ಯೂಟಿ ಇಲ್ಲದಿದ್ದರೂ ಬಂದು ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಸೂಪರ್‌ವೈಸರು ಒಳಗಿದ್ದರು. ನಾನಿದ್ದರೆ ಅವಳಿಗೆ ಗಾಬರಿಯಾಗುತ್ತದೆ ಎಂದು ಎಲ್ಲರೂ ಸೇರಿ ನನ್ನನ್ನು ಹುಣಿಸೆಮರಕ್ಕೆ ಓಡಿಸಿದರು.

ಮೋಡ ಕಟ್ಟಿತ್ತು, ಗಾಳಿ ಎದ್ದಿತ್ತು. ನೋವು ಬರುವುದೂ ಅಂಥ ಗಾಳಿಗೇ, ಶಟರು ಬೀಳುತ್ತಿದ್ದುದೂ ಅಂಥ ಗಾಳಿಗೇ. ಹೊಸ ವೈರು ಎಳೆದು ಬಿಗಿದು, ಟೆಸ್ಟ್ ಫೋನಿನ ಕ್ಲಿಪ್ಪನ್ನು ಇಪ್ಪತ್ತೇಳರ ಲೈನಿಗೆ ಸಿಕ್ಕಿಸಿ, ಹಿಡಿ ತಿರುಗಿಸಿದೆ. ಕಿವಿಗಿಟ್ಟುಕೊಂಡೆ. ಆ ಸಣ್ಣ ಹೊತ್ತಿನಲ್ಲಿ ನಾನು ಹರಕೆ ಹೊರದ ದೇವರಿಲ್ಲ.

"ನಂಬರ್ ಪ್ಲೀಸ್."

ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ.

"ನಂಬರ್ ಪ್ಲೀಸ್... ಮರುಳಪ್ಪನವರಾ? ನೀವು ಕರೆದ್ರಾ, ಸುಮ್ನೆ ಬಿತ್ತಾ?"

"ನಾನು ಕಣೇ."

"ನೀವಾ! ಯಾವ ನಂಬರ್ ಬೇಕು?"

"ಯಾವ್ದೂ ಬೇಡ."

"ಮತ್ತೆ ಯಾಕ್ ಕರೆದ್ರಿ?"

"ಟೆಸ್ಟಿಂಗು."

"ನಂದಾ, ಲೈನಿಂದಾ?"

ಅಷ್ಟರಲ್ಲಿ ಯಾರೋ ನಡುವೆ ಗುಡುಗಿದರು. ಮರುಳಪ್ಪನವರು ತಮ್ಮ ಮನೆಯಲ್ಲಿ ಫೋನು ಎತ್ತಿದ್ದರು. "ಯಾರ್ರೀ ಅದು ನನ್ ಲೈನಲ್ಲಿ ಸಂಸಾರ ಮಾಡ್ತಿರೋದು?"

ಆ ಕಡೆಯಿಂದ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಸೈಕಲ್ ಪಂಪಿನ ಆ ಸದ್ದು. ಆಮೇಲೆ ನಗು. ಮರುಳಪ್ಪನವರು "ಓ, ಬಂದ್ಯೇನವ್ವಾ ತಾಯಿ" ಎಂದು ತಾವೂ ನಗತೊಡಗಿದರು. ಕಂಬದ ಮೇಲೆ ನಾನೂ ನಗುತ್ತಿದ್ದೆ, ಅಳುತ್ತಲೂ ಇದ್ದೆ ಎಂದು ಕಾಣುತ್ತದೆ.

ಆಗ ಜೋರಾಗಿ ಒಂದು ಗಾಳಿ ಬಂದು ಮರವನ್ನು ಅಲ್ಲಾಡಿಸಿತು. ನಗು ನಡುವೆಯೇ ನಿಂತಿತು, ಕತ್ತರಿಸಿದ ಹಾಗೆ. ಏನೂ ಕೇಳಿಸಲಿಲ್ಲ. ನಾನು "ಮಂಗಳಾ" ಎಂದೆ. ಮತ್ತೆ ಕೂಗಿದೆ. ಅವಳ ಕೈ ಕೆನ್ನೆಯ ಹತ್ತಿರಕ್ಕೆ ಹೋಗುವುದು ನನ್ನ ಕಣ್ಣಿಗೆ ಕಾಣಿಸಿತು.

"ರೀ, ಅಲ್ಲೇ ಇದೀರಾ?" ಎಂದಳು. "ಇಪ್ಪತ್ತೆಂಟು ಬಿತ್ತು. ಗಿರಣಿಯವರಿಗೆ ಲೈನ್ ಕೊಡೋಕೆ ಹೋಗಿದ್ದೆ. ಇಪ್ಪತ್ತೇಳು ಬೀಳ್ಲಿಲ್ಲ. ಅಲ್ಲಾಡ್ಲೂ ಇಲ್ಲ."

"ಗಾಳಿ ಇದೆ ಕಣೇ ಇಲ್ಲಿ."

"ಇಲ್ಲೂ ಇದೆ. ಕಿಟಕಿ ತೆಗೆದಿಟ್ಟಿದೀನಿ. ಮಳೆ ಬರುತ್ತೆ, ಇಳೀರಿ ಕೆಳಗೆ."

ಇಳಿಯಲಿಲ್ಲ. ಮಳೆ ಬಂತು. ಪೂರ್ತಿ ನೆನೆದ ಮೇಲೆ ಇಳಿದೆ.

ಆ ನೋವು ಪೂರ್ತಿ ಹೋಗಲಿಲ್ಲ. ನಡುವೆ ಕೆಲವು ವರ್ಷ ಮರಳಿ ಬಂತು, ಮಾತ್ರೆ ಏರಿತು, ಇಳಿಯಿತು. ಆದರೆ ಸ್ಲೇಟು ಮತ್ತೆ ಬೇಕಾಗಲಿಲ್ಲ. ನಿವೃತ್ತಿಯಾಗಿ ಶೆಟ್ಟಿಹಳ್ಳಿಗೆ ಬಂದ ಮೇಲೆ ಒಂದು ದಿನ ಪೇಪರಿನಲ್ಲಿ ಆ ಬಾಗಿಲುಗಳ ವಿಷಯ ಬಂದಿತ್ತು. ಅಯಾನ್ ಚಾನೆಲ್ ಎನ್ನುತ್ತಾರಂತೆ. ನೋವಿನ ನರಕ್ಕೇ ಮುಖ್ಯವಾದ ಒಂದು ಬಗೆ ಇದೆಯಂತೆ. ಅದು ಕೆಲಸ ಮಾಡದೆ ಹುಟ್ಟಿದವರಿಗೆ ನೋವೇ ತಿಳಿಯುವುದಿಲ್ಲವಂತೆ, ಅದು ಅತಿಯಾಗಿ ತೆರೆಯುವವರಿಗೆ ಸುಮ್ಮನಿದ್ದರೂ ಕೈಕಾಲು ಉರಿಯುತ್ತದಂತೆ. ಓದಿ ಹೇಳಿದೆ. ನೋವೇ ತಿಳಿಯದವರು ಪುಣ್ಯವಂತರು ಎನ್ನುತ್ತಾಳೆ ಎಂದುಕೊಂಡಿದ್ದೆ. "ಪಾಪ ರೀ" ಎಂದಳು. "ಕಾದ ಹೆಂಚು ಮುಟ್ಟಿದ್ರೂ ಗೊತ್ತಾಗಲ್ವಲ್ಲ. ಅವರ ತಾಯಂದಿರು ಹೆಂಗೆ ಸಾಕ್ತಾರೋ."

ಉಮಾ ಹೆಡ್‌ಸೆಟ್ಟನ್ನು ಒರೆಸಿ ಮೇಜಿನ ಮೇಲಿಟ್ಟು, ಸೀರೆಗಳ ಗಂಟು ತೆಗೆದುಕೊಂಡು ಹೋದಳು. ಈಗಲೂ ಕೆಲವು ಸಲ, ನಾನು ಹಾಲು ಕಾಯಿಸುತ್ತಲೋ ಗಿಡಕ್ಕೆ ನೀರು ಹಾಕುತ್ತಲೋ ಇರುವಾಗ, ಯಾರೂ ಕರೆಯದೆ, ಯಾವ ಕಾರಣವೂ ಇಲ್ಲದೆ, ಆ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸುತ್ತದೆ. ಆ ತುದಿಯಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತು. ಮೊದಮೊದಲು ಎದೆ ಹಿಂಡುತ್ತಿತ್ತು. 'ಏನಾದ್ರೂ ಮಾಡ್ಬೇಕಲ್ಲಪ್ಪಾ ಇದಕ್ಕೆ' ಎಂದು ಮಗಳು ಹೇಳಿದ್ದೂ ಉಂಟು. ಏನೂ ಮಾಡುವುದು ಬೇಡ ಎಂದಿದ್ದೇನೆ. ಜೀವನವೆಲ್ಲ ಕಂಬ ಹತ್ತಿ ಲೈನು ರಿಪೇರಿ ಮಾಡಿದವನು ನಾನು. ಇದೊಂದು ಹೀಗೇ ಇರಲಿ. ಆ ಶಟರು ಬಿದ್ದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ನಿಮಿಷ ನಿಲ್ಲುತ್ತೇನೆ. ಉಸಿರಾದ ಮೇಲೆ ನಗು ಬರಬೇಕಲ್ಲ, ಅದು ಬರುವವರೆಗೆ.